ಗಾಳಿ ಕಮ್ಮಿ ಹಾಕಿ: ಜಿರೋನಾದ ಗರಸು ದಾರಿ, ಗ್ರಾವೆಲ್ ಸೈಕಲ್

ತಿಪಟೂರಿನಲ್ಲಿ ನಾನು ಸೈಕಲ್ ಕಲಿತ ಕಾಲಕ್ಕೆ ಗಾಳಿ ಅಂದರೆ ಒಂದೇ ಲೆಕ್ಕ, ಗಟ್ಟಿ. ಶಾಪಿನ ಅಣ್ಣ ಪಂಪ್ ಹೊಡೆಯುತ್ತಿದ್ದರು, ನಾವು ಹೆಬ್ಬೆರಳಲ್ಲಿ ಟೈರ್ ಒತ್ತಿ ನೋಡುತ್ತಿದ್ದೆವು, ಒಂಚೂರು ಒಳಗೆ ಹೋದರೂ "ಇನ್ನೆರಡು ಹೊಡಿ ಅಣ್ಣಾ" ಅನ್ನುತ್ತಿದ್ದೆವು. ಗಾಳಿ ಕಮ್ಮಿ ಇದ್ದರೆ ತುಳಿಯೋಕೆ ಭಾರ, ಪಂಕ್ಚರ್ ಬೇರೆ ಆಗುತ್ತೆ. ಇದು ನಮಗೆಲ್ಲ ಗೊತ್ತಿದ್ದ ಸತ್ಯ. ಡಾಂಬರು ರಸ್ತೆಯ ಮಟ್ಟಿಗೆ ಸುಳ್ಳೂ ಅಲ್ಲ.

ಆ ಸತ್ಯವನ್ನೇ ನಂಬಿಕೊಂಡು ಸ್ಪೇನಿನ ಜಿರೋನಾಕ್ಕೆ ಹೋಗಿದ್ದಕ್ಕೆ ನನ್ನ ಎಡ ಮೊಣಕೈ ಚರ್ಮ ಒಂದಿಷ್ಟು ಅಲ್ಲೇ ಉಳಿಯಿತು.

ಕೆಲಸದ ಮೇಲೆ ಬಾರ್ಸಿಲೋನಾಕ್ಕೆ ಬಂದ ಹೊಸತು. ಅಲ್ಲಿಂದ ಉತ್ತರಕ್ಕೆ ಸುಮಾರು 100 ಕಿಲೋಮೀಟರ್ ದೂರದಲ್ಲಿ ಜಿರೋನಾ. ಸುಮಾರು ಒಂದು ಲಕ್ಷ ಜನರ ಊರು, ಮಧ್ಯೆ ಹೊಳೆ, ಸುತ್ತ ಗುಡ್ಡ. ಊರಿಗೆ ಆಗ್ನೇಯಕ್ಕೆ ಗವಾರೆಸ್ ಅನ್ನೋ ಬೆಟ್ಟಸಾಲು ಇದೆ. ದೊಡ್ಡ ಬೆಟ್ಟವೇನಲ್ಲ, ಅತಿ ಎತ್ತರದ ಜಾಗವೇ 530 ಮೀಟರ್ ಚಿಲ್ಲರೆ. ಆದರೆ ಪೂರ್ತಿ ಕಾಡು, ಕಾಡಿನ ತುಂಬ ಮಣ್ಣಿನ ದಾರಿ. ಏಪ್ರಿಲ್ ತಿಂಗಳ ಒಂದು ಬೆಳಿಗ್ಗೆ ಅಲ್ಲಿ ರೊಮಾನ್ಯಾ ಅನ್ನೋ ಹಳ್ಳಿ ಕಡೆಯಿಂದ ಗ್ರಾವೆಲ್ ಸೈಕಲ್ಲಿನಲ್ಲಿ, ಅಂದರೆ ಗರಸು ಮಣ್ಣಿನ ದಾರಿಗೆಂದೇ ಮಾಡಿದ ಅಗಲ ಟೈರಿನ ಸೈಕಲ್ಲಿನಲ್ಲಿ, ಇಳಿಯುತ್ತಿದ್ದೆ. ಗಟ್ಟಿ ನೆಲ, ಅದರ ಮೇಲೆ ತೆಳ್ಳಗೆ ಒಂದು ಪದರ ದಪ್ಪ ಕಾಳಿನ ಮರಳು. ರೆಡ್ ಆಕ್ಸೈಡ್ ನೆಲದ ಮೇಲೆ ರಾಗಿ ಚೆಲ್ಲಿದರೆ ಹೇಗಿರುತ್ತೆ, ಹಾಗೆ. ತಿರುವಿನಲ್ಲಿ ಮುಂದಿನ ಚಕ್ರ ಸರಕ್ಕನೆ ಜಾರಿತು. ಎದ್ದು ಕೂರುವಷ್ಟರಲ್ಲಿ ಹಿಂದಿನಿಂದ ಅರವತ್ತು ದಾಟಿದ ಒಬ್ಬ ಯಜಮಾನರು ಸೈಕಲ್ಲಿನಲ್ಲಿ ಬಂದು ನಿಂತರು. ನನ್ನ ಕೈ ನೋಡಿದರು, ಸೈಕಲ್ ಎತ್ತಿ ನಿಲ್ಲಿಸಿದರು. ಆಮೇಲೆ ಹೆಬ್ಬೆರಳಲ್ಲಿ ಟೈರ್ ಒತ್ತಿದರು. ಅದೇ ಹೆಬ್ಬೆರಳು! ಒತ್ತಿ ನಕ್ಕು "ಪೆದ್ರಾ" ಅಂದರು. ಕಟಲಾನ್ ಭಾಷೆಯಲ್ಲಿ ಕಲ್ಲು ಅಂತ. ಇನ್ನು ಮಾತೇ ಆಡದೆ ವಾಲ್ವ್ ಒತ್ತಿ ಪುಸ್ಸ್ ಅಂತ ಅರ್ಧಕ್ಕರ್ಧ ಗಾಳಿ ಬಿಟ್ಟರು.

ನನಗೆ ಜೀವವೇ ಹೋದ ಹಾಗಾಯಿತು. ಆದರೆ ಅಲ್ಲಿಂದ ಮುಂದಕ್ಕೆ ಆ ಸೈಕಲ್ ಬೇರೆಯೇ ಸೈಕಲ್.

ಯಾಕೆ ಹಾಗೆ ಅನ್ನೋದು ಅರ್ಥವಾಗಬೇಕಾದರೆ ಸಣ್ಣ ಲೆಕ್ಕವೊಂದನ್ನು ಮಾಡಬೇಕು. ನೀವು, ಸೈಕಲ್, ನೀರು, ತಿಂಡಿ ಎಲ್ಲ ಸೇರಿ 90 ಕಿಲೋ ಅಂದುಕೊಳ್ಳಿ. ಅದರಲ್ಲಿ 50 ಕಿಲೋದಷ್ಟು ಹಿಂದಿನ ಚಕ್ರದ ಮೇಲೆ. ಈ 50 ಕಿಲೋವನ್ನು ಹೊತ್ತಿರುವುದು ರಬ್ಬರ್ ಅಲ್ಲ, ಹೆಚ್ಚು ಕಮ್ಮಿ ಒಳಗಿನ ಗಾಳಿಯೇ. ಹಾಗಾಗಿ ಟೈರ್ ನೆಲಕ್ಕೆ ತಾಗುವ ಜಾಗ ಎಷ್ಟು ಅನ್ನೋದು ಬರೀ ಭಾಗಾಕಾರ. ಗಾಳಿಯ ಒತ್ತಡ 100 ಪಿಎಸ್‌ಐ ಅಂದರೆ ಚದರ ಸೆಂಟಿಮೀಟರ್‌ಗೆ ಸುಮಾರು 7 ಕಿಲೋ, ಸರಿ, ತಾಗುವ ಜಾಗ 7 ಚದರ ಸೆಂಟಿಮೀಟರ್. ಹತ್ತು ರೂಪಾಯಿ ನಾಣ್ಯಕ್ಕಿಂತ ಒಂಚೂರು ದೊಡ್ಡದು ಅಷ್ಟೆ. ನಾನು ಆವತ್ತು ತುಂಬಿದ್ದು 60 ಪಿಎಸ್‌ಐ, ಅಂದರೆ 12 ಚದರ ಸೆಂಟಿಮೀಟರ್. ಅದನ್ನೇ 35ಕ್ಕೆ ಇಳಿಸಿದರೆ 20 ಆಗುತ್ತದೆ, ಬೆಂಕಿಪೊಟ್ಟಣಕ್ಕಿಂತ ದೊಡ್ಡ ಜಾಗ. ರಾಗಿ ಚೆಲ್ಲಿದ ನೆಲದ ಮೇಲೆ ನಾಣ್ಯದ ಮೇಲೆ ನಿಲ್ತೀರೋ ಬೆಂಕಿಪೊಟ್ಟಣದ ಮೇಲೆ ನಿಲ್ತೀರೋ, ನೀವೇ ಹೇಳಿ. ಜೊತೆಗೆ ಮೆತ್ತಗಿನ ಟೈರ್ ಕಲ್ಲಿನ ಸುತ್ತ ಬಗ್ಗಿ ಅದನ್ನು ಹಿಡಿಯುತ್ತೆ, ಗಟ್ಟಿ ಟೈರ್ ಕಲ್ಲಿನ ತುದಿಯ ಮೇಲೆ ಕೂತು ಜಾರುತ್ತೆ.

ಹಿಡಿತದ ಕಥೆ ಒಪ್ಪಿದೆ, ಆದರೆ ತುಳಿಯೋಕೆ ಭಾರ ಆಗಲ್ವಾ ಅಂತ ಕೇಳಬಹುದು. ಇಲ್ಲೇ ನಾವು ತಲೆಮಾರುಗಳಿಂದ ತಪ್ಪು ತಿಳಿದುಕೊಂಡಿರೋದು. ಟೈರ್ ಉರುಳುವಾಗ ಶಕ್ತಿ ಎರಡು ದಾರಿಯಲ್ಲಿ ಸೋರುತ್ತದೆ. ಒಂದು, ಕೆಳಗೆ ಬಂದಾಗ ರಬ್ಬರ್ ಬಗ್ಗಿ, ಮೇಲೆ ಹೋದಾಗ ಮತ್ತೆ ನೆಟ್ಟಗಾಗುತ್ತದಲ್ಲ, ಆ ಬಗ್ಗೋ-ಏಳೋ ಕೆಲಸದಲ್ಲಿ ಸ್ವಲ್ಪ ಶಾಖವಾಗಿ ಹೋಗುತ್ತೆ. ಗಾಳಿ ಜಾಸ್ತಿ ಇದ್ದಷ್ಟೂ ಈ ನಷ್ಟ ಕಮ್ಮಿ, ನುಣುಪು ಡಾಂಬರಿನಲ್ಲಿ ಗಟ್ಟಿ ಗಾಳಿ ಗೆಲ್ಲೋದು ಇದರಿಂದಲೇ. ಇನ್ನೊಂದು ನಷ್ಟ ಕಣ್ಣಿಗೆ ಕಾಣಲ್ಲ, ಬೆನ್ನಿಗೆ ಗೊತ್ತಾಗುತ್ತೆ. ದಾರಿಯಲ್ಲಿ ಕಲ್ಲು ಸಿಕ್ಕಾಗಲೆಲ್ಲ ಗಟ್ಟಿ ಟೈರ್ 90 ಕಿಲೋವನ್ನೂ ಒಂದು ಚೂರು ಮೇಲಕ್ಕೆ ಎತ್ತಿ ಹಾಕುತ್ತದೆ. ಎತ್ತಿದ್ದು ಯಾರು? ನಿಮ್ಮ ಕಾಲು. ಹಾಗೆ ಎತ್ತಿದ್ದರಲ್ಲಿ ಮುಂದಕ್ಕೆ ವಾಪಸ್ ಸಿಗೋದು ಸ್ವಲ್ಪವೇ, ಉಳಿದದ್ದು ನಿಮ್ಮ ತೊಡೆ, ಹೊಟ್ಟೆ, ಭುಜ ಅಲುಗಾಡೋದರಲ್ಲಿ ಮುಗಿದುಹೋಗುತ್ತೆ. ನಿಮಿಷಕ್ಕೆ ನೂರಾರು ಕಲ್ಲು. ಮೆತ್ತಗಿನ ಟೈರ್ ಕಲ್ಲನ್ನು ತಾನೇ ನುಂಗಿಕೊಂಡು ನಿಮ್ಮನ್ನು ಮಟ್ಟವಾಗಿ ಕರೆದುಕೊಂಡು ಹೋಗುತ್ತೆ. ಗರಸು ದಾರಿಯಲ್ಲಿ ಈ ಎರಡನೇ ನಷ್ಟವೇ ದೊಡ್ಡದು. ಅದಕ್ಕೇ ಅಲ್ಲಿ ಗಾಳಿ ಕಮ್ಮಿ ಮಾಡಿದರೆ ಸೈಕಲ್ ಹಗುರಾಗುತ್ತೆ.

ಹಾಗಂತ ತೀರಾ ಕಮ್ಮಿ ಮಾಡೋಕೂ ಆಗಲ್ಲ. ಕಲ್ಲು ರಿಮ್ಮಿಗೆ ಹೊಡೆಯುತ್ತೆ, ತಿರುವಿನಲ್ಲಿ ಟೈರ್ ಪಕ್ಕಕ್ಕೆ ಮಲಗುತ್ತೆ, ಒಳಗೆ ಟ್ಯೂಬ್ ಇದ್ದರೆ ರಿಮ್ಮು-ಕಲ್ಲಿನ ಮಧ್ಯೆ ಸಿಕ್ಕಿ ಹಾವು ಕಚ್ಚಿದ ಹಾಗೆ ಜೋಡಿ ತೂತು ಬೀಳುತ್ತೆ. ಅದಕ್ಕೇ ಈಗ ಟ್ಯೂಬೇ ತೆಗೆದುಬಿಟ್ಟಿದ್ದಾರೆ. ಕಾರು-ಬೈಕಿನ ಹಾಗೆ ಟ್ಯೂಬ್‌ಲೆಸ್, ಒಳಗೆ ಹಾಲಿನಂಥ ಸೀಲೆಂಟ್. ಮುಳ್ಳು ಚುಚ್ಚಿದರೆ ಆ ದ್ರವ ತೂತಿಗೆ ನುಗ್ಗಿ ಗಟ್ಟಿಯಾಗುತ್ತೆ, ಎಷ್ಟೋ ಸಲ ನಿಮಗೆ ಗೊತ್ತೇ ಆಗಲ್ಲ. ಸೆಕೆಗಾಲದಲ್ಲಿ ಎರಡು ಮೂರು ತಿಂಗಳಿಗೆ ಒಣಗಿಹೋಗುತ್ತೆ, ಮರೆತರೆ ಅದು ಇದ್ದೂ ಇಲ್ಲದ ಹಾಗೆ. ನನ್ನ ತೂಕ 72 ಕಿಲೋ, ಟೈರ್ 40 ಮಿಲಿಮೀಟರ್. ಈಗ ನಾನು ಮುಂದೆ 29, ಹಿಂದೆ 32 ಪಿಎಸ್‌ಐ ಇಡುತ್ತೇನೆ. ನಿಮ್ಮದು ಬೇರೆ ಇರುತ್ತೆ. ಅಲ್ಲಿಂದ ಶುರು ಮಾಡಿ ಒಂದೊಂದೇ ಪಿಎಸ್‌ಐ ಏರಿಸಿ ಇಳಿಸಿ ನೋಡಿ.

ಈ 40 ಮಿಲಿಮೀಟರ್ ಅನ್ನೋದರ ಬಗ್ಗೆ ಒಂದು ಮಾತು ಹೇಳಲೇಬೇಕು. ರಸ್ತೆ ರೇಸಿನ ಸೈಕಲ್ಲಿಗೆ ಬಹುಕಾಲ 23, 25 ಮಿಲಿಮೀಟರ್ ಟೈರ್. ಮಣ್ಣಿನಲ್ಲಿ ಓಡಿಸುವ ಸೈಕ್ಲೋಕ್ರಾಸ್ ರೇಸಿನಲ್ಲೂ ನಿಯಮದ ಪ್ರಕಾರ 33 ದಾಟುವಂತಿಲ್ಲ. ಗ್ರಾವೆಲ್ ಸೈಕಲ್ ಅಂತ ಹೊಸ ಜಾತಿ ಬಂದಾಗ 40 ಮಿಲಿಮೀಟರ್ ಟೈರನ್ನು ಎಲ್ಲರೂ ಏನೋ ಕಂಡುಹಿಡಿದ ಹಾಗೆ ಹೊಗಳಿದರು. ನಮ್ಮ ಹಾಲಿನವರು, ಪೋಸ್ಟ್‌ಮನ್ ಓಡಿಸುತ್ತಿದ್ದ ಕರೀ ಸೈಕಲ್ ನೆನಪಿದೆ ತಾನೆ? ಅದರ ಟೈರ್ ಮೇಲೆ 28 ಇಂಚು, ಒಂದೂವರೆ ಇಂಚು ಅಂತ ಬರೆದಿರುತ್ತದೆ. ಲೆಕ್ಕ ಹಾಕಿದರೆ ಅದೇ 40 ಮಿಲಿಮೀಟರ್ ಆಸುಪಾಸು! ಹಳ್ಳಿ ದಾರಿಗೆ ಎಷ್ಟು ಅಗಲ ಬೇಕು ಅನ್ನೋದು ಆ ಸೈಕಲ್ಲಿಗೆ ಮೊದಲೇ ಗೊತ್ತಿತ್ತು. ನಾವು ಸುಮ್ನೆ ಅದಕ್ಕೆ ಗಟ್ಟಿ ಗಾಳಿ ಹೊಡೆದು ಹಾಳು ಮಾಡಿದೆವು. ಪಾಪ, ಹಿಂದೆ ಕ್ಯಾರಿಯರ್ ಮೇಲೆ ಎರಡು ಮೂಟೆ ಹೇರುತ್ತಿದ್ದರಲ್ಲ, ಅವರಿಗೆ ಗಟ್ಟಿ ಬೇಕಿತ್ತು ಬಿಡಿ.

ಇನ್ನು ಆ ರಾಗಿ. ನನ್ನನ್ನು ಬೀಳಿಸಿದ ಮರಳಿಗೆ ಅಲ್ಲಿನವರು ಸೌಲೊ ಅನ್ನುತ್ತಾರೆ. ಗ್ರಾನೈಟ್ ಕಲ್ಲು ಸಾವಿರಾರು ವರ್ಷ ಮಳೆ ಬಿಸಿಲಿಗೆ ಸಿಕ್ಕಿ ತಾನಾಗೇ ಪುಡಿಯಾಗಿ ಉಂಟಾದದ್ದು. ಕಲ್ಲಿನೊಳಗಿನ ಕೆಲವು ಖನಿಜಗಳು ಕೊಳೆತು ಜೇಡಿಯಾಗುತ್ತವೆ, ಬಿಳಿ ಕಲ್ಲಿನ ಹರಳು ಮಾತ್ರ ಕೊಳೆಯದೆ ಕಾಳು ಕಾಳಾಗಿ ಉಳಿಯುತ್ತದೆ. ನಮ್ಮ ಕಡೆ ಬಾವಿ ತೋಡುವಾಗ ಮಣ್ಣು ಮುಗಿದು ಬಂಡೆ ಸಿಗೋ ಮುಂಚೆ ಗೊರಚು ಬರುತ್ತದಲ್ಲ, ಹೆಚ್ಚು ಕಮ್ಮಿ ಅದೇ. ಒದ್ದೆಯಾದಾಗ ಚೆನ್ನಾಗಿ ಕೂರುತ್ತೆ, ನೀರು ನಿಲ್ಲಲ್ಲ, ಕೆಸರೂ ಆಗಲ್ಲ. ಅದಕ್ಕೇ ಕೆಟಲೋನಿಯಾದಲ್ಲಿ ಪಾರ್ಕುಗಳಿಗೆ, ಮಕ್ಕಳು ಆಡೋ ಮೈದಾನಗಳಿಗೆ ಇದನ್ನೇ ಹಾಸುತ್ತಾರೆ. ಒಣಗಿತೋ, ಮೇಲಿನ ಒಂದು ಪದರ ಸಡಿಲವಾಗಿ ಕಾಳು ಉರುಳೋಕೆ ಶುರು. ಅಂದರೆ ಒಂದೇ ದಾರಿ ಮಾರ್ಚಿನಲ್ಲಿ ವೆಲ್ವೆಟ್, ಆಗಸ್ಟಿನಲ್ಲಿ ಕೇರಂ ಪೌಡರ್. ಗವಾರೆಸ್ ಪೂರ್ತಿ ಗ್ರಾನೈಟ್ ಅಲ್ಲ, ದೊಡ್ಡ ಭಾಗ ಪದರ ಪದರವಾಗಿ ಒಡೆಯುವ ಶಿಸ್ಟ್ ಕಲ್ಲು. ಅಲ್ಲಿ ದಾರಿ ಬೂದುಗಪ್ಪು, ಚಪ್ಪಟೆ ಚಕ್ಕೆಗಳು, ಅಂಚು ಚೂಪು. ಟೈರಿನ ಪಕ್ಕದ ಗೋಡೆ ಸೀಳೋದು ಇಂಥ ಕಡೆಯೇ. ಬಣ್ಣ ಬದಲಾದದ್ದು ಕಂಡ ಕೂಡಲೇ ಓಡಿಸೋ ರೀತಿ ಬದಲಾಯಿಸಬೇಕು.

ದಾರಿಗಳ ಬಗ್ಗೆ ಇನ್ನೂ ಹೇಳಬೇಕು, ನನಗೆ ಸೈಕಲ್ಲಿಗಿಂತ ಹಿಡಿಸಿದ್ದು ಅದೇ. ಮನೆ ಇಲ್ಲ, ಊರಿಲ್ಲ, ಗಂಟೆಗಟ್ಟಲೆ ಒಂದು ಪಿಳ್ಳೆಯೂ ಸಿಗಲ್ಲ, ಇಂಥ ಕಾಡಿನಲ್ಲಿ ಲಾರಿ ಹೋಗುವಷ್ಟು ಅಗಲದ ಮಣ್ಣು ದಾರಿ ಇಷ್ಟೊಂದು ಯಾಕಿದೆ? ಸೈಕಲ್ಲಿನವರಿಗೆ ಅಂತ ಯಾರೂ ಮಾಡಿದ್ದಲ್ಲ.

ಮೊದಲ ಕಾರಣ ಬಾಟಲಿ ಬಿರಡೆ. ಗವಾರೆಸ್ ತುಂಬ ಕಾರ್ಕ್ ಓಕ್ ಮರ. ಅದರ ತೊಗಟೆಯೇ ಬೆಂಡು. ಬೇಸಿಗೆಯಲ್ಲಿ, ಮರದಲ್ಲಿ ರಸ ಹರಿಯುವ ಕಾಲದಲ್ಲಿ, ಕೊಡಲಿಯಿಂದ ಉದ್ದಕ್ಕೆ ಗೀಟು ಹಾಕಿ, ಹಿಡಿಯ ತುದಿಯಿಂದ ಮೀಟಿ ತೊಗಟೆಯನ್ನು ಇಡೀ ಹಲಗೆಯ ಹಾಗೆ ಎಬ್ಬಿಸುತ್ತಾರೆ. ಹಲಸಿನ ಹಣ್ಣು ಬಿಡಿಸುವಷ್ಟೇ ನಾಜೂಕಿನ ಕೆಲಸ, ಒಳಗಿನ ಜೀವಂತ ಪದರಕ್ಕೆ ಏಟು ಬಿದ್ದರೆ ಅಲ್ಲಿ ಮುಂದೆ ಬೆಂಡು ಸರಿಯಾಗಿ ಬೆಳೆಯಲ್ಲ. ಈಗಷ್ಟೇ ಸುಲಿದ ಮರದ ಕಾಂಡ ಕೆಂಪು ಕಿತ್ತಳೆ, ಗಾಯದ ಮೇಲೆ ಹೊಸ ಚರ್ಮ ಬಂದ ಹಾಗೆ. ಮೊಣಕೈ ಒರೆಸಿಕೊಳ್ಳುತ್ತಾ ನಾನು ಕೂತದ್ದು ಹಿಂದಿನ ಬೇಸಿಗೆಯಲ್ಲಿ ಸುಲಿದ ಮರವೊಂದರ ಬುಡದಲ್ಲೇ, ಇಬ್ಬರದ್ದೂ ಹೆಚ್ಚು ಕಮ್ಮಿ ಒಂದೇ ಬಣ್ಣ. ಒಮ್ಮೆ ಸುಲಿದರೆ ಮತ್ತೆ ಸುಲಿಯೋಕೆ ಅಲ್ಲಿ ಹನ್ನೆರಡು ಹದಿನಾಲ್ಕು ವರ್ಷ ಕಾಯಬೇಕು. ಸುಲಿದ ಹಲಗೆಗಳನ್ನು ಹೇಸರಗತ್ತೆ, ಗಾಡಿ, ಆಮೇಲೆ ಲಾರಿಯ ಮೇಲೆ ಕೆಳಗಿನ ಊರುಗಳಿಗೆ ಸಾಗಿಸಬೇಕಿತ್ತಲ್ಲ, ಅದಕ್ಕೆ ದಾರಿ. ಕಸ್ಸಾ, ಲ್ಯಾಗೊಸ್ತೇರಾ, ಪಲಾಫ್ರುಜೆಲ್ ಇವೆಲ್ಲ ಬಿರಡೆಯಿಂದ ಬದುಕಿದ ಊರುಗಳು. ಶಾಂಪೇನ್ ಬಾಟಲಿಯ ಬಿರಡೆಗೆ ಈ ಸೀಮೆ ಇವತ್ತಿಗೂ ಹೆಸರುವಾಸಿ.

ಎರಡನೆಯದು ಇದ್ದಿಲು. ಮರ ಕಡಿದು, ಗುಡ್ಡೆ ಹಾಕಿ, ಮೇಲೆ ಮಣ್ಣು ಮುಚ್ಚಿ, ದಿನಗಟ್ಟಲೆ ನಿಧಾನವಾಗಿ ಸುಟ್ಟು ಇದ್ದಿಲು ಮಾಡುತ್ತಿದ್ದ ಜನ ಕಾಡಲ್ಲೇ ಇರುತ್ತಿದ್ದರು. ಇಳಿಜಾರಿನ ಮಧ್ಯೆ ಎಲ್ಲೋ ಒಂದು ಕಡೆ ಸುಮ್ನೆ ದುಂಡಗೆ ಮಟ್ಟಸವಾದ ಜಾಗ ಕಂಡರೆ, ಕಾಲಲ್ಲಿ ಕೆದಕಿದರೆ ಕಪ್ಪು ಮಣ್ಣು ಬಂದರೆ, ಅದು ಹಳೆಯ ಇದ್ದಿಲ ಗೂಡು. ಇಪ್ಪತ್ತನೇ ಶತಮಾನದ ಮಧ್ಯಭಾಗದಲ್ಲಿ ಅಡುಗೆಮನೆಗೆ ಬ್ಯುಟೇನ್ ಸಿಲಿಂಡರ್ ಬಂತು, ಇದ್ದಿಲು ಕೇಳೋರಿಲ್ಲದಂತಾಯಿತು. ಜನ ಊರಿಗೆ, ಕಡಲತೀರದ ಹೋಟೆಲ್ ಕೆಲಸಕ್ಕೆ, ಫ್ಯಾಕ್ಟರಿಗೆ ಇಳಿದರು. ಮಸಿಯಾ ಅನ್ನುವ ಕಲ್ಲಿನ ತೋಟದ ಮನೆಗಳು ಖಾಲಿಯಾದವು. ಇವತ್ತು ನಾವು ಹೋಗಿ 'ಅಬ್ಬಾ ಎಷ್ಟು ಪ್ರಶಾಂತ' ಅನ್ನುತ್ತೇವಲ್ಲ, ಆ ಪ್ರಶಾಂತತೆ ಪ್ರಕೃತಿ ಕೊಟ್ಟದ್ದಲ್ಲ. ಅಲ್ಲಿದ್ದವರು ಎದ್ದು ಹೋದದ್ದರಿಂದ ಆದದ್ದು. ಸೂರು ಬಿದ್ದ ಮಸಿಯಾ ಒಂದರ ಮುಂದೆ ಇನ್ನೂ ಅಂಜೂರದ ಮರ ಹಣ್ಣು ಬಿಡುತ್ತಿರುತ್ತೆ. ಕಿತ್ತು ತಿಂದಿದ್ದೇನೆ, ಸುಳ್ಳು ಯಾಕೆ ಹೇಳಲಿ.

ಜನ ಹೋದ ಮೇಲೆ ಕಾಡು ದಟ್ಟವಾಯಿತು, ಒಣ ಕಡ್ಡಿ ಆರಿಸೋರಿಲ್ಲ, ಮೇಕೆ ಮೇಯಿಸೋರಿಲ್ಲ. ಮೆಡಿಟರೇನಿಯನ್ ಹವೆಯಲ್ಲಿ ಮಳೆ ವಸಂತ ಮತ್ತು ಶರತ್ಕಾಲದಲ್ಲಿ, ಬೇಸಿಗೆ ಒಣ ಒಣ. ಅಂದರೆ ಸೆಕೆಯೂ ಬರಗಾಲವೂ ಒಂದೇ ಸಲ ಬರುತ್ತವೆ. ಕಾಡ್ಗಿಚ್ಚಿಗೆ ಇನ್ನೇನು ಬೇಕು? ಹಾಗಾಗಿ ಮೂರನೆಯ ಕಾರಣ ಬೆಂಕಿ. ಹಳೆ ದಾರಿಗಳನ್ನೇ ಅಗಲ ಮಾಡಿ, ಅಗ್ನಿಶಾಮಕ ಗಾಡಿ ಹತ್ತುವಂತೆ ಇಟ್ಟುಕೊಂಡಿದ್ದಾರೆ, ಅಲ್ಲಲ್ಲಿ ನೀರಿನ ತೊಟ್ಟಿಯೂ ಉಂಟು. ಊರವರೇ ಸೇರಿ ಮಾಡಿಕೊಂಡ ಎಡಿಎಫ್ ಅನ್ನೋ ಬೆಂಕಿ ಪಡೆಗಳು ಇದರ ಮೇಲ್ವಿಚಾರಣೆಯಲ್ಲಿ ಕೈಜೋಡಿಸುತ್ತವೆ. ನೀವು ತುಳಿಯೋ ಚಂದದ ಗರಸು ದಾರಿ ಎಷ್ಟೋ ಸಲ ಫೈರ್ ಎಂಜಿನ್ನಿನ ದಾರಿ.

ಕಾರ್ಕ್ ಮರ ಮಾತ್ರ ಬೆಂಕಿಗೆ ಜಗ್ಗಲ್ಲ. ಬೆಂಡಿನ ಅಂಗಿ ತೊಟ್ಟುಕೊಂಡಿರುತ್ತಲ್ಲ, ಹೊರಗೆ ಕರಕಲಾಗಿ ಒಳಗೆ ಜೀವ ಉಳಿಸಿಕೊಂಡು ಮತ್ತೆ ಚಿಗುರುತ್ತೆ. ಆಗಷ್ಟೇ ಸುಲಿದ ಮರಕ್ಕೆ ಆ ಭಾಗ್ಯ ಇಲ್ಲ.

ನಾಲ್ಕನೆಯ ಬಗೆಯ ದಾರಿ ರೈಲಿನದು. ಕರಿಲೆಟ್ ಅಂದರೆ ಕಟಲಾನ್‌ನಲ್ಲಿ ಪುಟ್ಟ ರೈಲು. ಜಿರೋನಾದಿಂದ ಸಮುದ್ರದ ಕಡೆ ಸಾಂತ್ ಫೆಲಿಯು ಬಂದರಿಗೆ 1892ರಲ್ಲಿ ಒಂದು ಲೈನು ಶುರುವಾಯಿತು. ಒಳನಾಡಿನ ಓಲೊಟ್ ಕಡೆಗೆ ಇನ್ನೊಂದು, ಅದು 1911ರಲ್ಲಿ ಓಲೊಟ್ ಮುಟ್ಟಿತು. ಹಳಿಗಳ ನಡುವಿನ ಅಗಲ ಬರೀ 750 ಮಿಲಿಮೀಟರ್. ಬಿರಡೆ ಹಲಗೆಯಿಂದ ಹಿಡಿದು ಸಂತೆಗೆ ಹೋಗೋರ ತನಕ ಎಲ್ಲವನ್ನೂ ಹೊತ್ತ ಆ ರೈಲು ಬಸ್ಸು ಲಾರಿಗಳ ಎದುರು ಸೋತು 1969ರಲ್ಲಿ ನಿಂತುಹೋಯಿತು. ಸ್ಪೇನಿನಲ್ಲಿ 1993ರಿಂದ ಇಂಥ ಸತ್ತ ಲೈನುಗಳನ್ನು ನಡೆಯೋರಿಗೆ, ಸೈಕಲ್ಲಿನವರಿಗೆ 'ಹಸಿರು ದಾರಿ' ಅಂತ ಮಾಡುತ್ತಾ ಬಂದಿದ್ದಾರೆ, ದೇಶದ ತುಂಬ 3,000 ಕಿಲೋಮೀಟರಿಗೂ ಮೀರಿ ಆಗಿದೆ. ಈ ಎರಡು ಕರಿಲೆಟ್ ದಾರಿಗಳೂ ಹಾಗೆ ಬದುಕಿಕೊಂಡವು. ಸಮುದ್ರದ ಕಡೆಯದು ಸುಮಾರು 40 ಕಿಲೋಮೀಟರ್, ಓಲೊಟ್ ಕಡೆಯದು 54ರ ಆಸುಪಾಸು. ಹೊಸಬರಿಗೆ ಇದರಷ್ಟು ಒಳ್ಳೆ ದಾರಿ ಇಲ್ಲ, ಕಾರಣ ಸರಳ: ರೈಲಿಗೆ ಕಡಿದಾದ ಏರು ಹತ್ತೋಕಾಗಲ್ಲ. ಎಂಜಿನಿಯರುಗಳು ಗುಡ್ಡ ಕಡಿದು, ಸುತ್ತು ಹಾಕಿ, ಏರು ಗೊತ್ತೇ ಆಗದ ಹಾಗೆ ದಾರಿ ಎಳೆದಿದ್ದಾರೆ. ನೂರು ವರ್ಷದ ಹಿಂದೆ ಉಗಿಬಂಡಿಗೆ ಮಾಡಿದ ಉಪಕಾರ ಇವತ್ತು ನಮ್ಮ ಮಂಡಿಗೆ ಸಿಗುತ್ತಿದೆ. ಹಳೇ ಸ್ಟೇಷನ್ ಕಟ್ಟಡಗಳು ದಾರಿಯುದ್ದಕ್ಕೂ ಇನ್ನೂ ನಿಂತಿವೆ.

ಕರಿಲೆಟ್ ಬಿಟ್ಟು ಗವಾರೆಸ್‌ಗೆ ತಿರುಗಿದಿರೋ, ಉಪಕಾರ ಅಲ್ಲಿಗೆ ಮುಗೀತು. ಹೇಸರಗತ್ತೆಗೆ ಏರು ಒಂದು ಲೆಕ್ಕವೇ ಅಲ್ಲ ನೋಡಿ. ನೂರು ಮೀಟರಿಗೆ ಹತ್ತು ಮೀಟರ್ ಏರುವ ಕಡೆ, ಅಂದರೆ ಹತ್ತು ಪರ್ಸೆಂಟ್ ಏರಿನಲ್ಲಿ, ಗೇರ್ ಅಂದರೇನು ಅಂತ ಮಂಡಿಗೇ ಅರ್ಥವಾಗುತ್ತೆ. ನಮ್ಮ ಕರೀ ಸೈಕಲ್ಲಿಗೆ ಸಾಮಾನ್ಯವಾಗಿ ಮುಂದಿನ ಚೈನ್‌ವೀಲ್‌ನಲ್ಲಿ 44 ಹಲ್ಲು, ಹಿಂದಿನ ಫ್ರೀವೀಲ್‌ನಲ್ಲಿ 18. ಪೆಡಲ್ ಒಂದು ಸುತ್ತು ತುಳಿದರೆ ಸೈಕಲ್ ಐದೂವರೆ ಮೀಟರ್ ಹತ್ತಿರ ಹೋಗುತ್ತೆ. ಸಮತಟ್ಟಿನಲ್ಲಿ ಸುಖ. ಏರಿನಲ್ಲಿ? ಇಳಿದು ತಳ್ಳೋದೇ. ಈಗಿನ ಗ್ರಾವೆಲ್ ಸೈಕಲ್ಲಿನಲ್ಲಿ ಮುಂದೆ ಒಂದೇ ಚೈನ್‌ವೀಲ್, 40 ಹಲ್ಲು, ಹಿಂದೆ ಹತ್ತು ಹನ್ನೊಂದು ಹಲ್ಲಿನಿಂದ 44ರವರೆಗೆ ಸಾಲಾಗಿ ಜೋಡಿಸಿರುತ್ತಾರೆ. ಹಿಂದಿನ 44ಕ್ಕೆ ಚೈನ್ ಹಾಕಿದರೆ ಒಂದು ಸುತ್ತಿಗೆ ಎರಡೇ ಮೀಟರ್. ನಿಮಿಷಕ್ಕೆ ಅರವತ್ತು ಸುತ್ತು ತುಳಿದರೆ ಗಂಟೆಗೆ 7 ಕಿಲೋಮೀಟರ್ ಚಿಲ್ಲರೆ, 90 ಕಿಲೋಗೆ ಸುಮಾರು 200 ವಾಟ್ ಬೇಕು. ಅಭ್ಯಾಸ ಇದ್ದವರು ಹತ್ತು ಹದಿನೈದು ನಿಮಿಷ ತಡೆದುಕೊಳ್ಳಬಹುದು, ಇಲ್ಲದವರು ಇನ್ನೂ ನಿಧಾನವಾಗಿ ತುಳಿಯಬಹುದು. ಕರೀ ಸೈಕಲ್ಲಿನಲ್ಲಿ ಅದೇ ಏರನ್ನು ನಿಮಿಷಕ್ಕೆ ನಲವತ್ತೇ ಸುತ್ತು ತುಳಿದು ಹತ್ತಬೇಕೆಂದರೂ 350 ವಾಟ್ ದಾಟುತ್ತದೆ. ಅದು ರೇಸಿನವರ ಕಾಲು. ಗೇರ್ ಏರನ್ನು ಕಮ್ಮಿ ಮಾಡಲ್ಲ, ಒಟ್ಟು ಕೆಲಸವನ್ನೂ ಕಮ್ಮಿ ಮಾಡಲ್ಲ, ಒಂದೇ ತುತ್ತಿಗೆ ನುಂಗಬೇಕಾದ ಮುದ್ದೆಯನ್ನು ಸಣ್ಣ ಸಣ್ಣ ತುತ್ತು ಮಾಡಿಕೊಡುತ್ತೆ.

ಹತ್ತುವಾಗ ಎದ್ದು ನಿಂತು ತುಳಿಯೋ ಆಸೆ ಆಗುತ್ತೆ. ಬೇಡ. ಎದ್ದ ಕೂಡಲೇ ನಿಮ್ಮ ಭಾರ ಮುಂದಕ್ಕೆ ಹೋಗುತ್ತೆ, ಹಿಂದಿನ ಚಕ್ರ ಹಗುರಾಗಿ ರಾಗಿಯ ಮೇಲೆ ಸುಮ್ನೆ ತಿರುಗುತ್ತೆ. ಸೀಟಿನ ಮೂತಿಯ ಹತ್ತಿರ ಕೂತು, ಎದೆ ತಗ್ಗಿಸಿ, ಮೊಣಕೈ ಸಡಿಲ ಬಿಟ್ಟು ಒಂದೇ ಸಮ ತುಳಿಯಬೇಕು. ಇಳಿಯುವಾಗ ತಿರುವಿನೊಳಗೆ ಬ್ರೇಕ್ ಹಿಡಿಯಬಾರದು, ತಿರುವಿಗೆ ಮುಂಚೆಯೇ ಹಿಡಿದು ಮುಗಿಸಬೇಕು. ಟೈರಿಗೆ ಇರೋ ಹಿಡಿತ ಒಂದೇ ಗಂಟು, ಅದರಲ್ಲೇ ನಿಲ್ಲಿಸೋದಕ್ಕೂ ತಿರುಗಿಸೋದಕ್ಕೂ ಖರ್ಚು. ಎರಡಕ್ಕೂ ಒಟ್ಟಿಗೆ ಕೇಳಿದರೆ ಸಾಲಲ್ಲ. ನಾನು ಆವತ್ತು ಕೇಳಿದ್ದೆ. ತಪ್ಪನ್ನೆಲ್ಲ ಗಾಳಿಯ ಮೇಲೇ ಹಾಕೋದು ನ್ಯಾಯ ಅಲ್ಲ.

ಇನ್ನು ಅಲ್ಲಿನ ರೀತಿ ರಿವಾಜು. ಸೆಪ್ಟೆಂಬರಿನಿಂದ ಚಳಿಗಾಲ ಮುಗಿಯೋ ತನಕ ಕಾಡುಹಂದಿ ಬೇಟೆ, ಮುಖ್ಯವಾಗಿ ಶನಿವಾರ ಭಾನುವಾರ ಬೆಳಿಗ್ಗೆ. ಬತುದಾ ಅಂತ ಬರೆದ ಬೋರ್ಡು ದಾರಿಯಲ್ಲಿ ನಿಲ್ಲಿಸಿದ್ದರೆ ಒಳಗೆ ಜನ ಬಂದೂಕು ಹಿಡಿದು ಕೂತಿದ್ದಾರೆ ಅಂತ ಅರ್ಥ. ವಾದ ಬೇಡ, ಬೇರೆ ದಾರಿ ಹಿಡಿಯಿರಿ. ಮಾರ್ಚ್ 15ರಿಂದ ಅಕ್ಟೋಬರ್ 15ರವರೆಗೆ ಕಾಡಿನಲ್ಲಿ, ಕಾಡಂಚಿನಿಂದ 500 ಮೀಟರ್ ಒಳಗೆ ಬೆಂಕಿ ಹಚ್ಚುವಂತಿಲ್ಲ. ಕಾಡ್ಗಿಚ್ಚಿನ ಅಪಾಯ ತೀರಾ ಜಾಸ್ತಿಯಾದ ದಿನ ಪ್ಲಾ ಆಲ್ಫಾ ಅನ್ನೋ ಯೋಜನೆಯಡಿ ದಾರಿಗಳನ್ನೇ ಮುಚ್ಚಿಬಿಡುತ್ತಾರೆ, ಹೊರಡೋ ಮುಂಚೆ ನೋಡಿಕೊಳ್ಳಬೇಕು. ಕೆಟಲೋನಿಯಾದ ಕಾಡಿನ ಮುಕ್ಕಾಲು ಪಾಲು ಖಾಸಗಿ. ನಮಗೆ ಕಾಡು ಅಂದರೆ ಫಾರೆಸ್ಟ್ ಡಿಪಾರ್ಟ್‌ಮೆಂಟ್, ಅಲ್ಲಿ ಕಾಡು ಅಂದರೆ ಯಾರದೋ ಆಸ್ತಿ. ದಾರಿಗೆ ಅಡ್ಡ ಚೈನ್ ಕಂಡರೆ ಅದು ಬಹಳ ಸಲ ಕಾರು-ಬೈಕಿಗೆ ಮಾತ್ರ, ಆದರೆ ಬೋರ್ಡು ಓದದೆ ನುಗ್ಗಬೇಡಿ. ನಡೆಯೋರು, ಕುದುರೆಯವರು ಎದುರಾದರೆ ದೂರದಿಂದಲೇ ಗಂಟೆ ಹೊಡೆದು ನಿಧಾನ ಮಾಡಿ. ಚಳಿಗಾಲದ ಕೊನೆಗೆ ಪೈನ್ ಮರಗಳಿಂದ ಕಂಬಳಿಹುಳ ಇಳಿದು ಮದುವೆ ಮೆರವಣಿಗೆ ಥರ ಒಂದರ ಹಿಂದೆ ಒಂದು ಸಾಲಾಗಿ ಹೋಗುತ್ತಿರುತ್ತವೆ. ನೋಡೋಕೆ ಚಂದ, ಮುಟ್ಟಿದರೆ ತುರಿಕೆ ಜನ್ಮಕ್ಕೆ ಸಾಕು.

ನೀರು ಎರಡು ಲೀಟರ್ ಹೊತ್ತುಕೊಂಡೇ ಹೊರಡಿ. ಹಳ್ಳಿಗಳ ಚೌಕದಲ್ಲಿ ನಲ್ಲಿ ಇರುತ್ತೆ, ಹೊಳೆಯೂ ಚಿಲುಮೆಯೂ ನಕ್ಷೆಯಲ್ಲಿ ಇರುತ್ತೆ, ಆದರೆ ಬೇಸಿಗೆಯಲ್ಲಿ ಚಿಲುಮೆ ಒಣಗಿರುತ್ತೆ. "ನೋ ಪೊಟಾಬ್ಲೆ" ಅಂತ ಬರೆದಿದ್ದರೆ ತಲೆಗೆ ಸುರಿದುಕೊಳ್ಳಿ, ಕುಡಿಯಬೇಡಿ.

ದಾರಿ ಹುಡುಕೋಕೆ ಫೋನ್ ಸಾಕು. ವಿಕಿಲಾಕ್ ಅಂತ ಜನ ತಾವು ಹೋದ ದಾರಿಯನ್ನು ಹಂಚಿಕೊಳ್ಳುವ ಆ್ಯಪ್ ಇದೆಯಲ್ಲ, 2006ರಲ್ಲಿ ಹುಟ್ಟಿದ್ದೇ ಜಿರೋನಾದಲ್ಲಿ. ಓಪನ್‌ಸ್ಟ್ರೀಟ್‌ಮ್ಯಾಪ್ ನೋಡುವವರಾದರೆ ಮಣ್ಣು ದಾರಿಗಳಿಗೆ ಒಂದರಿಂದ ಐದರವರೆಗೆ ದರ್ಜೆ ಕೊಟ್ಟಿರುತ್ತಾರೆ, ಒಂದು ಅಂದರೆ ಗಟ್ಟಿ, ಐದು ಅಂದರೆ ಹೊಲದ ಬದು. ಗ್ರಾವೆಲ್ ಸೈಕಲ್ಲಿಗೆ ಎರಡು ಮೂರು ಹೇಳಿ ಮಾಡಿಸಿದ್ದು. ನಾಲ್ಕು ಅಂದರೆ ಸಾಹಸ. ಐದಕ್ಕೆ ಕೈ ಹಾಕಿದರೆ ಸೈಕಲ್ ನಿಮ್ಮ ಮೇಲೆ ಸವಾರಿ ಮಾಡುತ್ತೆ. ಸಮಯದ ಅಂದಾಜಿಗೆ ನನ್ನದೊಂದು ಲೆಕ್ಕ: 60 ಕಿಲೋಮೀಟರ್, ಸಾವಿರ ಮೀಟರ್ ಏರು ಅಂದರೆ ನಿಲ್ಲೋದು ತಿನ್ನೋದು ಸೇರಿ ಐದು ಗಂಟೆ. ಡಾಂಬರಿನ ಲೆಕ್ಕ ಇಲ್ಲಿ ತರಬೇಡಿ.

ಈ ಊರಿನಲ್ಲಿ ಪ್ರೊಫೆಷನಲ್ ಸೈಕಲ್ ಪಟುಗಳು ತೊಂಬತ್ತರ ದಶಕದ ಕೊನೆಯಿಂದಲೇ ಮನೆ ಮಾಡಿಕೊಂಡು ಇದ್ದಾರೆ, 2019ರಿಂದ ಟ್ರಾಕಾ ಅನ್ನೋ ಗ್ರಾವೆಲ್ ರೇಸ್ ನಡೆಯುತ್ತಿದೆ, ಅದರಲ್ಲಿ 360 ಕಿಲೋಮೀಟರ್ ಓಡಿಸೋರೂ ಇದ್ದಾರೆ. ಅದೆಲ್ಲ ಬೇರೆ ಲೋಕ. ಆ ರೇಸಿನ ವಾರದಲ್ಲಿ ಮಾತ್ರ ಹೋಗಬೇಡಿ, ರೂಮ್ ಸಿಗಲ್ಲ.

ಮೊದಲ ಸಲ ಹೋಗೋರಿಗೆ ನಾನು ಹೇಳೋದು ಹೀಗೆ. ಬಾರ್ಸಿಲೋನಾದಿಂದ ಆರ್11 ರೈಲು ಹಿಡಿಯಿರಿ, ನಿಧಾನದ ಗಾಡಿ, ಆದರೆ ಸೈಕಲ್ ಹಾಗೇ ಹತ್ತಿಸಬಹುದು. ಹೈಸ್ಪೀಡ್ ರೈಲಿನಲ್ಲಿ ಬಿಚ್ಚಿ ಚೀಲಕ್ಕೆ ತುಂಬಬೇಕಾಗುತ್ತೆ. ಜಿರೋನಾದಿಂದ ಕರಿಲೆಟ್ ಹಿಡಿದು ಕಸ್ಸಾ ತನಕ ಆರಾಮಾಗಿ ಹೋಗಿ, ಅಲ್ಲಿ ಕಾಫಿ ಕುಡಿದು, ಎಡಕ್ಕೆ ಕಾಡಿಗೆ ಹತ್ತಿ. ಮಣ್ಣಿನ ಬಣ್ಣ ನೋಡುತ್ತಾ ಹೋಗಿ. ಕಡೆಗೆ ಎಲ್ಸ್ ಆಂಜೆಲ್ಸ್ ಅನ್ನೋ ಗುಡ್ಡದ ಮೇಲಿನ ಗುಡಿಗೆ ಬನ್ನಿ, 485 ಮೀಟರ್ ಎತ್ತರ. ಮೀಸೆಯ ಚಿತ್ರಕಾರ ಸಾಲ್ವಡೋರ್ ದಾಲಿ 1958ರ ಆಗಸ್ಟಿನಲ್ಲಿ ಗಾಲಾಳನ್ನು ಚರ್ಚಿನ ಪ್ರಕಾರ ಮದುವೆಯಾದದ್ದು ಈ ಗುಡಿಯಲ್ಲೇ. ಆಕಾಶ ತಿಳಿಯಾಗಿದ್ದರೆ ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಪಿರನೀಸ್‌ನ ಹಿಮ. ಉತ್ತರದಿಂದ ತ್ರಮುಂತಾನಾ ಗಾಳಿ ಬೀಸಿದ ಮಾರನೇ ದಿನ ಈ ನೋಟ ಖಂಡಿತ ಅನ್ನಬಹುದು, ಆ ಗಾಳಿ ಮೋಡ ಮಂಜು ಎಲ್ಲ ಗುಡಿಸಿಕೊಂಡು ಹೋಗಿರುತ್ತೆ. ಅಲ್ಲಿಂದ ಜಿರೋನಾಕ್ಕೆ ಡಾಂಬರು ರಸ್ತೆಯಲ್ಲಿ ಪೂರ್ತಿ ಇಳಿಜಾರು.

ನಾನು ಬಿದ್ದ ದಿನವೂ ಹೀಗೇ ಇಳಿದು ಬಂದೆ. ಆ ಯಜಮಾನರು ಗುಡಿಯ ತನಕ ಜೊತೆಗೆ ಬಂದಿದ್ದರು, ನನಗೆ ಕಟಲಾನ್ ಬರದು, ಅವರಿಗೆ ಇಂಗ್ಲಿಷ್ ಬರದು. ಹೊರಡುವಾಗ ಮತ್ತೆ ಬಗ್ಗಿ ಹೆಬ್ಬೆರಳಲ್ಲಿ ನನ್ನ ಟೈರ್ ಒತ್ತಿದರು, ತಲೆ ಆಡಿಸಿದರು. ಆಮೇಲೆ ಚೀಲದಿಂದ ಪುಟ್ಟ ಪಂಪ್ ತೆಗೆದು ನನ್ನ ಕೈಗೆ ಕೊಟ್ಟು ಕೆಳಗಿನ ಡಾಂಬರು ರಸ್ತೆ ತೋರಿಸಿದರು. ಒಂದಿಪ್ಪತ್ತು ಸಲ ಹೊಡೆದುಕೊಂಡೆ.